ಬಂಗಾರಪೇಟೆಗೆ, ಬಂಗಾರಪೇಟೆಯಿಂದ

‘ಟ್ರೈನ್ಸ್ ಟು ಅಂಡ್ ಫ್ರಮ್ ಬಂಗಾರಪೇಟ್.’ ಚಿನ್ನದ ಗಣಿಯ ಊರು ಕೆಜಿಎಫ್‌ನ ಮಾರಿಕುಪ್ಪಂ, ಚಾಂಪಿಯನ್, ಉರಿಗಾಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಿಗೆ ಈ ಇಂಗ್ಲಿಷ್ ಸಲೀಸು. ಇಲ್ಲಿ ‘ಟು’, ‘ಫ್ರಮ್’ ಎರಡಕ್ಕೂ ಊರಿನ ಹೆಸರು ಒಂದೇ ಸಲ ಬಂದಿದೆ. ಕನ್ನಡದಲ್ಲಿ ಹೀಗಾಗದು. ನಮ್ಮ ‘ಗೆ’, ‘ಇಂದ’ ಪ್ರತ್ಯಯಗಳು ಹೆಸರಿಗೇ ಅಂಟಿಕೊಳ್ಳುತ್ತವೆ. ‘ಬಂಗಾರಪೇಟೆಗೆ ಹೋಗುವ, ಅಲ್ಲಿಂದ ಬರುವ ರೈಲುಗಳು’ ಎಂದೋ, ಹೆಸರನ್ನೇ ಎರಡು ಸಲ ಬಳಸಿಯೋ ಹೇಳಬೇಕು. ಕೆಜಿಎಫ್‌ನ ಮನೆಮನೆಯ ತಮಿಳು, ತೆಲುಗು ಕೂಡ ಇದೇ ಜಾಡಿನವು.

ಅದಕ್ಕೇ ನಮ್ಮ ಮಕ್ಕಳು ಕೆಲಸದ ಅರ್ಜಿ ಬರೆಯುವಾಗ ಎಡವುತ್ತಾರೆ. ‘ಐ ಆಮ್ ಇಂಟರೆಸ್ಟೆಡ್ ಅಂಡ್ ಗುಡ್ ಅಟ್ ವೆಲ್ಡಿಂಗ್’ ಎಂದು ಬರೆದರೆ ‘ಇಂಟರೆಸ್ಟೆಡ್’ಗೆ ಬೇಕಾದ ‘ಇನ್’ ಬಿಟ್ಟುಹೋಯಿತು. ‘ಇಂಟರೆಸ್ಟೆಡ್ ಇನ್ ಅಂಡ್ ಗುಡ್ ಅಟ್ ವೆಲ್ಡಿಂಗ್’ ಎಂದರೆ ಸರಿ. ಎರಡಕ್ಕೂ ಒಂದೇ ಪದ ಹೊಂದುವಾಗ ಮಾತ್ರ ಒಮ್ಮೆ ಹೇಳಿದರೆ ಸಾಕು: ‘ಪೀಪಲ್ ಫ್ರಮ್ ಕೆಜಿಎಫ್ ಅಂಡ್ ಬಂಗಾರಪೇಟ್’.

ಪರೀಕ್ಷಿಸುವುದು ಸುಲಭ. ಮೊದಲ ವಾಕ್ಯದಲ್ಲಿ ‘ಅಂಡ್ ಗುಡ್ ಅಟ್’ ಎಂಬುದನ್ನು ಬೆರಳಿನಿಂದ ಮುಚ್ಚಿ ಓದಿ. ‘ಇಂಟರೆಸ್ಟೆಡ್ ವೆಲ್ಡಿಂಗ್’ ಎಂದು ಉಳಿದರೆ ತಪ್ಪು ಕಣ್ಣಿಗೇ ಕಾಣುತ್ತದೆ.

2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನ ಎಷ್ಟೋ ಮನೆಗಳ ಅನ್ನ ಬೆಂಗಳೂರಿನ ಕೆಲಸವನ್ನೇ ನಂಬಿದೆ. ಈ ಮಕ್ಕಳಿಗೆ ಕೈಕೆಲಸ ಚೆನ್ನಾಗಿಯೇ ಗೊತ್ತು. ಒಂದು ‘ಇನ್’ ಬಿಟ್ಟುಹೋಯಿತೆಂದು ಅವರ ಅರ್ಜಿ ಹಿಂದೆ ಬೀಳಬಾರದು. ಇಂಗ್ಲಿಷ್ ಬಲ್ಲವರೇ, ಪಕ್ಕದ ಮನೆಯ ಹುಡುಗ, ಹುಡುಗಿಯ ಅರ್ಜಿಯನ್ನು ಕಳಿಸುವ ಮುನ್ನ ಒಮ್ಮೆ ಓದಿಕೊಡಿ.