ಕೋಣೆಯೊಳಗಣ ಹಸುರು ಬಳ್ಳಿ

ಪಟ್ಟಣದ ಮನೆಗಳಿಗೆ ಹಿತ್ತಲೆಂಬುದು ಇಲ್ಲವಾಗಿ, ಹಸುರು ಮನೆಯೊಳಕ್ಕೇ ಬಂದು ಕುಳಿತಿದೆ. ಅದರಲ್ಲಿಯೂ ಮನಿಪ್ಲಾಂಟ್ ಇಲ್ಲದ ಪಡಸಾಲೆ ವಿರಳ. ಕದ್ದು ತಂದ ಕಡ್ಡಿ ಚಿಗುರಿದರೆ ಹಣ ಕೂಡಿಬರುವುದೆಂಬ ಮಾತೂ ಅದರ ಬೆನ್ನಿಗಿದೆ. ಕಾಯಕವನ್ನು ನಂಬಿದ ಮನೆತನದವರಾದ ನಮಗೆ ಆ ಮಾತು ಹಿಡಿಸಲಿಲ್ಲ. ನೆರೆಮನೆಯ ತಾಯಿಯವರನ್ನು ಕೇಳಿಯೇ ಗೇಣುದ್ದದ ಬಳ್ಳಿಯೊಂದನ್ನು ತಂದೆವು.

ತಂದದ್ದು ನಮ್ಮ ಅತ್ತೆಯವರಿಗಾಗಿ. ಸವಣೂರು ಸೀಮೆಯಲ್ಲಿ ವೀಳ್ಯದೆಲೆಯ ತೋಟದ ನಡುವೆ ಬಾಳಿದ ಅವರು, ಮಂಡಿನೋವು ಹೆಚ್ಚಿ ದೃಷ್ಟಿ ಮಂದವಾದ ಮೇಲೆ ಹುಬ್ಬಳ್ಳಿಯ ನಮ್ಮ ಎರಡನೆಯ ಅಂತಸ್ತಿನ ಮನೆಗೆ ಬಂದರು. "ಕೈಗೆ ಒಂದು ಎಲಿ ಸಿಗೂದಿಲ್ಲವ್ವಾ ಇಲ್ಲಿ" ಎಂದು ಅವರು ಅಂದದ್ದು ಒಂದೇ ಸಲ. ಅಷ್ಟು ಸಾಕಾಯಿತು.

ಈ ಬಳ್ಳಿಯ ತವರು ಪೆಸಿಫಿಕ್ ಮಹಾಸಾಗರದ ಮೊರೆಯಾ ದ್ವೀಪ. ಅಂತಹ ಬೆಚ್ಚನೆಯ ನಾಡಿನಲ್ಲಿ ಮರವನ್ನು ತಬ್ಬಿ ಏರಿದಾಗ ಅದರ ಎಲೆ ಮೊರದಗಲವಾಗಿ, ಅಂಚಿನಲ್ಲಿ ಸೀಳಿಕೊಳ್ಳುತ್ತದೆ. ಜೋತುಬಿಟ್ಟರೆ ಅಂಗೈಯಷ್ಟೇ ಉಳಿಯುತ್ತದೆ. ಆದ್ದರಿಂದ ನಾವು ತೆಂಗಿನ ನಾರು ಸುತ್ತಿದ ಕೋಲನ್ನು ಕುಂಡದಲ್ಲಿ ನೆಟ್ಟೆವು. ಪೂರ್ವದ ಕಿಟಕಿಯ ಬಳಿಯ ಬೆಳಕು ಅದಕ್ಕೆ ಸಾಕು. ಮಧ್ಯಾಹ್ನದ ಬಿಸಿಲು ಎಲೆಯನ್ನು ಸುಡುತ್ತದೆ, ತೀರ ಕತ್ತಲೆಯಾದರೆ ಎಲೆಯ ಹೊಂಬಣ್ಣದ ಪಟ್ಟೆಗಳು ಮಾಸುತ್ತವೆ. ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ತೋರಿದಾಗ ಮಾತ್ರ ನೀರು. ಈ ಬೆರಳಿನ ಪರೀಕ್ಷೆಯನ್ನು ಅತ್ತೆಯವರೇ ವಹಿಸಿಕೊಂಡರು. ಅದಕ್ಕೆ ಕಣ್ಣು ಬೇಕಿಲ್ಲವಷ್ಟೆ!

ಹೂವನ್ನು ಮಾತ್ರ ನಿರೀಕ್ಷಿಸಬಾರದು. ಹೂಬಿಡಿಸುವ ಜಿಬ್ಬರೆಲಿನ್ ಎಂಬ ರಸವನ್ನು ತಯಾರಿಸುವ ವಂಶವಾಹಿಯೊಂದು ಈ ಬಳ್ಳಿಯಲ್ಲಿ ಕೆಲಸ ಮಾಡದೆಂದು 2016ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಗಿಣ್ಣು ಸಹಿತ ಕತ್ತರಿಸಿದ ತುಂಡಿನಿಂದಲೇ ಅದರ ಸಂತಾನ.

ಒಂದು ಸಂಜೆ ಅತ್ತೆಯವರು ಎಲೆಯೊಂದನ್ನು ಚಿವುಟಿ, ತೊಟ್ಟು ಮುರಿದು, ಸುಣ್ಣದ ಡಬ್ಬಿಗೆ ಕೈಯಿಟ್ಟರು. ನಾವು ಅಡುಗೆಮನೆಯಿಂದ ಓಡಿಬಂದೆವು. ಅಷ್ಟರಲ್ಲಿ ಅವರು ಎಲೆಯನ್ನು ಹಿಸುಕಿ ಮೂಗಿಗೆ ಹಿಡಿದಿದ್ದರು. "ವಾಸನಿ ಇಲ್ಲ. ಇದು ನಮ್ಮ ಎಲಿ ಅಲ್ಲ" ಎಂದು ಕೆಳಗಿಟ್ಟರು. ತೋಟದವರ ಮೂಗು ಅವರನ್ನು ಕಾಯಿತು.

ತಾಯಂದಿರು ಇದನ್ನು ಗಮನಿಸಬೇಕು. ನೋಡಲು ವೀಳ್ಯದೆಲೆಯಂತಿದ್ದರೂ ಮನಿಪ್ಲಾಂಟ್ ಕೆಸುವಿನ ಕುಲದ್ದು. ವೀಳ್ಯದೆಲೆಯಾದರೋ ಮೆಣಸಿನ ಬಳ್ಳಿಯ ಕುಲದ್ದು. ಮನಿಪ್ಲಾಂಟಿನ ಎಲೆಯೊಳಗೆ ಸೂಜಿಯಂತಹ ಆಕ್ಸಲೇಟ್ ಹರಳುಗಳಿವೆ. ಅಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತವೆ. ಕೂಡಲೇ ಬಾಯಿ ತೊಳೆಯಬೇಕು; ಉಸಿರಿಗೆ ಇಲ್ಲವೆ ನುಂಗಲಿಕ್ಕೆ ತೊಡಕಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಅಂಬೆಗಾಲಿಡುವ ಮಕ್ಕಳಿಗೆ ಅತ್ತೆಯವರ ಮೂಗು ಎಲ್ಲಿಂದ ಬರಬೇಕು?

ಬಾಟಲಿಯ ನೀರಿನಲ್ಲಿ ಬಳ್ಳಿ ಬೆಳೆಸುವ ರೂಢಿಯೂ ನಮಗೆ ಒಪ್ಪಿಗೆಯಿಲ್ಲ. ಡೆಂಗೀ ಹರಡುವ ಸೊಳ್ಳೆಗೆ ಅದೇ ತೊಟ್ಟಿಲು. ಇಟ್ಟೇ ತೀರುವವರು ವಾರಕ್ಕೊಮ್ಮೆ ನೀರು ಚೆಲ್ಲಿ ಒಳಗೋಡೆಯನ್ನು ತಿಕ್ಕಬೇಕು, ಮೊಟ್ಟೆಗಳು ಅಲ್ಲಿಯೇ ಅಂಟಿರುತ್ತವೆ. ಗಾಳಿ ಶುದ್ಧವಾಗುವುದೆಂದು ಕೊಳ್ಳುವವರೂ ಉಂಟು. 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಯಲ್ಲಿ. ವಾಸದ ಮನೆಯಲ್ಲಿ ಕಿಟಕಿ ತೆರೆಯುವುದೇ ಮೇಲೆಂದು 2019ರ ವಿಮರ್ಶೆಯೊಂದು ತೋರಿಸಿದೆ.

ಬಳ್ಳಿಯನ್ನು ನಾವು ತೆಗೆದುಹಾಕಲಿಲ್ಲ, ಎತ್ತರದ ಹಲಗೆಗೆ ಏರಿಸಿದೆವು. ಅತ್ತೆಯವರ ಕೈಗೆಟುಕುವಂತೆ ಬಾಲ್ಕನಿಯ ನೆರಳಿನಲ್ಲಿ ಸವಣೂರಿನಿಂದ ತರಿಸಿದ ವೀಳ್ಯದೆಲೆಯ ಬಳ್ಳಿ ಈಗ ಏಳೆಂಟು ಎಲೆ ಬಿಟ್ಟಿದೆ. ಅದಕ್ಕೆ ನೀರು ಎಷ್ಟು ಹಾಕಬೇಕೆಂದು ಅವರು ನಮ್ಮನ್ನು ಕೇಳುವುದಿಲ್ಲ.