ಇನ್ನೂ ಏಪ್ರಿಲ್ ತಾನೇ? ಶಿಕಾಗೋ ರೈಲಿನ ಮುಗಿಯದ ತರ್ಕ

ಮಗಳ ಬಾಣಂತನಕ್ಕೆಂದೋ ಮಗನ ಮನೆ ನೋಡಿ ಬರಲೆಂದೋ ಅಮೇರಿಕಕ್ಕೆ ಹೋಗುವ ತಾಯಂದಿರು ಈಗ ನಮ್ಮಲ್ಲಿ ಕಡಿಮೆಯೇನಿಲ್ಲ. ಶಿಕಾಗೋಗೆ ಹೋದವರಾದರೆ ನೀವು ಡೆವನ್ ಅವೆನ್ಯೂವಿನ ಹಲಾಲ್ ಅಂಗಡಿಗಳನ್ನು ನೋಡಿರುತ್ತೀರಿ. ಮಿಲೇನಿಯಮ್ ಪಾರ್ಕಿನಲ್ಲಿ ಕನ್ನಡಿಯಂತೆ ಹೊಳೆಯುವ ಆ ದೊಡ್ಡ ಉಕ್ಕಿನ ಬೀಜದೆದುರು ನಿಂತು ಫೋಟೋ ತೆಗೆಸಿಕೊಂಡಿರುತ್ತೀರಿ. ಸಮುದ್ರವೆಂದೇ ಭ್ರಮೆ ಹುಟ್ಟಿಸುವ ಮಿಶಿಗನ್ ಸರೋವರದ ದಂಡೆಯಲ್ಲಿ ನಡೆದಿರುತ್ತೀರಿ. ಆದರೆ ಆ ಊರಿನವರ ಮನಸ್ಸನ್ನು ನೋಡಬೇಕೆಂದಿದ್ದರೆ ಏಪ್ರಿಲ್ ತಿಂಗಳಲ್ಲಿ ಒಂದು ದಿನ ರೆಡ್ ಲೈನ್ ರೈಲು ಹತ್ತಿ. ಪಂದ್ಯದ ಟಿಕೆಟ್ ಬೇಕೆಂದೇನೂ ಇಲ್ಲ, ರೈಲಿನ ಟಿಕೆಟ್ ಸಾಕು.

ಈ ರೈಲು ನಗರದ ಉತ್ತರ ತುದಿಯ ಹೊವರ್ಡ್‌ನಿಂದ ದಕ್ಷಿಣದ 95ನೇ ಬೀದಿಯವರೆಗೆ ಓಡುತ್ತದೆ. ದಾರಿಯಲ್ಲಿ ಆಡಿಸನ್ ಎಂಬ ನಿಲ್ದಾಣದಲ್ಲಿ ಇಳಿದರೆ ಕಬ್ಸ್ ತಂಡದ ರಿಗ್ಲಿ ಫೀಲ್ಡ್. ನಡುಪೇಟೆಯನ್ನು ದಾಟಿ 35ನೇ ಬೀದಿಯಲ್ಲಿ ಇಳಿದರೆ ವೈಟ್ ಸಾಕ್ಸ್ ತಂಡದ ಮೈದಾನ. ಎರಡೂ ಬೇಸ್‌ಬಾಲ್ ತಂಡಗಳು, ಎರಡೂ ಶಿಕಾಗೋದವು. ಒಂದೇ ರೈಲಿನ ಎರಡು ನಿಲ್ದಾಣಗಳ ನಡುವೆ ಒಂದು ಊರು ನೂರು ವರ್ಷಕ್ಕೂ ಮಿಕ್ಕಿ ಇಬ್ಭಾಗವಾಗಿದೆ. ನೀಲಿ ಟೋಪಿಯವರು ಉತ್ತರದವರು, ಕಪ್ಪು ಟೋಪಿಯವರು ದಕ್ಷಿಣದವರು. ಅತ್ತೆಯ ಮನೆ ಒಂದು ಕಡೆ, ತವರು ಇನ್ನೊಂದು ಕಡೆ ಇರುವ ಸೊಸೆಯಂದಿರ ಪಾಡು ಅಲ್ಲಿ ಪ್ರಸಿದ್ಧವೇ.

ಬೇಸ್‌ಬಾಲ್ ಗೊತ್ತಿಲ್ಲವೆಂದು ಹೆದರಬೇಡಿ. ಒಬ್ಬ ಎಸೆಯುತ್ತಾನೆ, ಇನ್ನೊಬ್ಬ ಬಡಿಯುತ್ತಾನೆ, ಬಡಿದವನು ಓಡುತ್ತಾನೆ. ಮೂವರು ಔಟಾದರೆ ಸರದಿ ಬದಲು, ಅಂಥ ಒಂಬತ್ತು ಸರದಿ. ಕ್ರಿಕೆಟ್ ನೋಡುವ ಮಕ್ಕಳಿರುವ ಮನೆಯ ತಾಯಿಗೆ ಇಷ್ಟು ಸಾಕು. ತಿಳಿದಿರಬೇಕಾದ ಸಂಗತಿ ಬೇರೆಯೇ ಇದೆ. ಅಲ್ಲಿ ಒಂದು ತಂಡ ವರ್ಷಕ್ಕೆ 162 ಪಂದ್ಯಗಳನ್ನು ಆಡುತ್ತದೆ. ಮಾರ್ಚ್ ಕೊನೆಗೆ ಶುರುವಾದರೆ ಸೆಪ್ಟೆಂಬರ್ ಮುಗಿಯುವವರೆಗೆ, ಹೆಚ್ಚುಕಡಿಮೆ ದಿನಾ ಆಟ. ಒಟ್ಟು 30 ತಂಡಗಳು. 2022ರಿಂದ ಅವುಗಳಲ್ಲಿ 12 ತಂಡಗಳಿಗೆ ಮಾತ್ರ ಅಕ್ಟೋಬರಿನ ಅಂತಿಮ ಸುತ್ತಿಗೆ ಪ್ರವೇಶ.

ಈಗ ಹೇಳಿ, ಹತ್ತು ಪಂದ್ಯ ಮುಗಿದಾಗ ಒಂದು ತಂಡದ ಭವಿಷ್ಯ ಹೇಳಬಹುದೇ? ಒಂದಗುಳು ಹಿಸುಕಿ ನೋಡಿದರೆ ಅನ್ನ ಬೆಂದಿದೆಯೋ ಇಲ್ಲವೋ ತಿಳಿಯುತ್ತದೆಂಬುದು ನಮ್ಮ ಅಡುಗೆಮನೆಯ ಲೆಕ್ಕ. ಏಪ್ರಿಲ್ ತಿಂಗಳ ಇಡೀ ತರ್ಕ ನಿಂತಿರುವುದು ಇದೇ ಲೆಕ್ಕದ ಮೇಲೆ. ಹತ್ತು ಪಂದ್ಯವೆಂದರೆ ಇಡೀ ಋತುವಿನ ನೂರರಲ್ಲಿ ಆರು ಪಾಲು ಅಷ್ಟೆ. ಪಂದ್ಯ ಆರಂಭಿಸುವ ಪಿಚರ್‌ಗೆ ಐದು ದಿನಕ್ಕೊಮ್ಮೆ ಸರದಿ, ಏಪ್ರಿಲ್ ಅರ್ಧಕ್ಕೆ ಆತ ಮೂರು ನಾಲ್ಕು ಸಲ ಎಸೆದಿದ್ದರೆ ಹೆಚ್ಚು. ಆದರೂ ಜನ ಸುಮ್ಮನಿರುವುದಿಲ್ಲ. ರೈಲಿನಲ್ಲಿ, ಕ್ಷೌರದಂಗಡಿಯಲ್ಲಿ, ರೇಡಿಯೋದಲ್ಲಿ, ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಅದೇ ಮಾತು. ಒಬ್ಬ ಹೇಳುತ್ತಾನೆ, "ಈ ವರ್ಷ ಮುಗಿಯಿತು." ಇನ್ನೊಬ್ಬ ಹೇಳುತ್ತಾನೆ, "ಇನ್ನೂ ಏಪ್ರಿಲ್ ತಾನೇ?"

ಮೋಜೆಂದರೆ ಇಬ್ಬರ ಬಳಿಯೂ ಸಾಕ್ಷಿಗಳಿವೆ. 1984ರಲ್ಲಿ ಡೆಟ್ರಾಯ್ಟ್ ತಂಡ ಮೊದಲ 40 ಪಂದ್ಯಗಳಲ್ಲಿ 35 ಗೆದ್ದಿತು, ಕೊನೆಗೆ ಪ್ರಶಸ್ತಿಯನ್ನೂ ಗೆದ್ದಿತು. 1987ರಲ್ಲಿ ಮಿಲ್ವಾಕಿ ತಂಡ ಮೊದಲ 13 ಪಂದ್ಯಗಳನ್ನೂ ಗೆದ್ದು ಊರನ್ನೇ ಕುಣಿಸಿತು; ಅಕ್ಟೋಬರ್ ಬರುವಾಗ ತನ್ನ ಗುಂಪಿನಲ್ಲಿ ಮೂರನೆಯದಾಗಿ ಮನೆಗೆ ನಡೆಯಿತು. 2019ರಲ್ಲಿ ವಾಷಿಂಗ್ಟನ್ ತಂಡ ಮೊದಲ 50ರಲ್ಲಿ 31 ಪಂದ್ಯ ಸೋತು ಎಲ್ಲರಿಂದ ಬೈಸಿಕೊಂಡಿತು, ಅದೇ ವರ್ಷ ವಿಶ್ವ ಸರಣಿಯನ್ನು ಗೆದ್ದು ಬೈದವರನ್ನು ಅಳಿಸಿತು. ಇದರ ಮೇಲೆ ಶಿಕಾಗೋದಲ್ಲಿ ಗಾಳಿಯೂ ಒಂದು ಕಕ್ಷಿ. ಏಪ್ರಿಲ್‌ನಲ್ಲಿ ಸರೋವರದಿಂದ ಒಳಮುಖವಾಗಿ ಬೀಸುವ ಶೀತಗಾಳಿಗೆ ಎಷ್ಟು ಬಲವಾಗಿ ಬಡಿದ ಚೆಂಡೂ ನಡುದಾರಿಯಲ್ಲೇ ಸೋತು ಬೀಳುತ್ತದೆ. ಗಾಳಿ ತಿರುಗಿ ಹೊರಮುಖವಾದರೆ? 1979ರ ಮೇ 17ರಂದು ಇದೇ ರಿಗ್ಲಿ ಫೀಲ್ಡಿನಲ್ಲಿ ಫಿಲಡೆಲ್ಫಿಯಾ ತಂಡ ಕಬ್ಸನ್ನು 23-22ರಿಂದ ಸೋಲಿಸಿತು. ನಾಲ್ಕೈದು ಅಂಕ ಬಂದರೆ ಸಾಕೆನ್ನುವ ಆಟವದು!

2024ರ ಏಪ್ರಿಲ್ ಕೊನೆಯ ವಾರ, ಈದ್ ಕಳೆದು ಹದಿನೈದು ದಿನವಾಗಿತ್ತು, ಈ ರೈಲಿನಲ್ಲಿ ನನ್ನ ಎದುರು ಕುಳಿತಿದ್ದವರ ಮಾತು ಕೇಳಿ. ನೀಲಿ ಟೋಪಿಯ ಮಹಿಳೆಗೆ ಎಪ್ಪತ್ತು ದಾಟಿರಬಹುದು. ಕಪ್ಪು ಟೋಪಿಯ ಹಿರಿಯರು ಅವರಿಗೆ ಪರಿಚಿತರೇನಲ್ಲ, ಟೋಪಿಯೇ ಪರಿಚಯ. ಆ ವಾರದ ಹೊತ್ತಿಗೆ ಕಬ್ಸ್ ಚೆನ್ನಾಗಿ ಆಡುತ್ತಿತ್ತು. ವೈಟ್ ಸಾಕ್ಸ್ 25 ಪಂದ್ಯಗಳಲ್ಲಿ ಮೂರನ್ನಷ್ಟೇ ಗೆದ್ದಿತ್ತು. ಮಹಿಳೆ ಸಮಾಧಾನದ ದನಿಯಲ್ಲಿ "ಇನ್ನೂ ಏಪ್ರಿಲ್ ತಾನೇ" ಎಂದರು. ಹಿರಿಯರು ತಲೆಯಾಡಿಸಿ, "ನಿಮಗೆ ಏಪ್ರಿಲ್, ನಮಗೆ ಆಗಲೇ ಡಿಸೆಂಬರ್" ಎಂದರು. ಡಬ್ಬಿಯಲ್ಲಿದ್ದವರೆಲ್ಲ ನಕ್ಕರು. ವೈಟ್ ಸಾಕ್ಸ್ ಆ ವರ್ಷ 121 ಪಂದ್ಯ ಸೋತು ಆಧುನಿಕ ಬೇಸ್‌ಬಾಲಿನ ದಾಖಲೆಯನ್ನೇ ಮಾಡಿತು. ಆದರೆ ಆ ಮಹಿಳೆಯ ಕಬ್ಸ್ ಕೂಡ ಅಕ್ಟೋಬರ್ ಕಾಣಲಿಲ್ಲ. 83 ಗೆಲುವು, 79 ಸೋಲು, ಅಷ್ಟಕ್ಕೇ ನಿಂತಿತು.

ಆ ಮಹಿಳೆ ತಮ್ಮ ಕೈಚೀಲದಿಂದ ಒಂದು ಹಾಳೆಯನ್ನೂ ಪೆನ್ಸಿಲನ್ನೂ ತೆಗೆದು ತೋರಿಸಿದರು. ಪ್ರತಿ ಎಸೆತ, ಪ್ರತಿ ಓಟವನ್ನು ಚಿಕ್ಕ ಚಿಕ್ಕ ಚೌಕಗಳಲ್ಲಿ ಗುರುತು ಹಾಕುವ ಅಂಕಪಟ್ಟಿ. ಕಸೂತಿಯ ನಕ್ಷೆಯಂತಿತ್ತು. ತಾಯಿಯಿಂದ ಕಲಿತದ್ದಂತೆ. ಇದು ಗಂಡಸರ ಆಟವೆಂದುಕೊಂಡು ಹೋದವರು ಇಲ್ಲಿ ಸ್ವಲ್ಪ ನಿಲ್ಲಬೇಕಾಗುತ್ತದೆ. 1920 ಮತ್ತು 30ರ ದಶಕಗಳಲ್ಲಿ ಕಬ್ಸ್ ತಂಡ ಮಹಿಳೆಯರಿಗೆ ಉಚಿತ ಪ್ರವೇಶದ ದಿನಗಳನ್ನು ಇಡುತ್ತಿತ್ತು. 1930ರ ಜೂನ್‌ನಲ್ಲಿ ಒಂದೇ ದಿನ 30 ಸಾವಿರಕ್ಕೂ ಹೆಚ್ಚು ಮಹಿಳೆಯರು ನುಗ್ಗಿ ಬಂದು ಗಂಡಸರಿಗೆ ಜಾಗವಿಲ್ಲದಂತಾಯಿತು. ಎರಡನೇ ಮಹಾಯುದ್ಧದಲ್ಲಿ ಆಟಗಾರರು ಸೈನ್ಯಕ್ಕೆ ಹೋದಾಗ, 1943ರಲ್ಲಿ, ಕಬ್ಸ್‌ನ ಒಡೆಯ ಫಿಲಿಪ್ ರಿಗ್ಲಿ ಮಹಿಳೆಯರದೇ ವೃತ್ತಿಪರ ಲೀಗ್ ಶುರುಮಾಡಿದರು. ಹೆಣ್ಣುಮಕ್ಕಳ ಆಯ್ಕೆ ನಡೆದದ್ದು ಇದೇ ರಿಗ್ಲಿ ಫೀಲ್ಡಿನಲ್ಲಿ. ಅದು 1954ರವರೆಗೆ ನಡೆಯಿತು. ಆದರೆ ಅವರನ್ನು ಮೊಣಕಾಲ ಮೇಲಿನ ಗಿಡ್ಡ ಲಂಗ ತೊಡಿಸಿ ಆಡಿಸಿದರು. ನೆಲಕ್ಕೆ ಬಿದ್ದು ಜಾರಬೇಕಾದ ಆಟದಲ್ಲಿ ತೊಡೆಯ ಚರ್ಮ ಸುಲಿದರೂ ಉಡುಪು ಬದಲಾಗಲಿಲ್ಲ. ಹೆಣ್ಣಿನ ಉಡುಪನ್ನು ಮತ್ತೊಬ್ಬರು ನಿರ್ಧರಿಸುವ ಚಾಳಿ ನಮ್ಮ ಕಡೆಯದು ಮಾತ್ರ ಎಂದು ಹೇಳುವವರಿಗೆ ಈ ಕತೆ ಹೇಳಬಹುದು.

ಕಬ್ಸ್ ಅಭಿಮಾನಿಗಳ ತಾಳ್ಮೆಯ ಬಗ್ಗೆ ಹೇಳದಿದ್ದರೆ ರಿಗ್ಲಿ ಫೀಲ್ಡಿಗೆ ಹೋದದ್ದು ವ್ಯರ್ಥ. 1914ರಲ್ಲಿ ಕಟ್ಟಿದ ಮೈದಾನ, ಇಟ್ಟಿಗೆಯ ಗೋಡೆ, 1937ರಲ್ಲಿ ನೆಟ್ಟ ಬಳ್ಳಿ. ಏಪ್ರಿಲ್‌ನಲ್ಲಿ ಆ ಬಳ್ಳಿಗೆ ಎಲೆಯೇ ಇರುವುದಿಲ್ಲ, ಒಣ ನಾರು ಅಂಟಿಸಿದಂತೆ ಕಾಣುತ್ತದೆ. ಹಸಿರಾಗಲು ಮೇ ಬರಬೇಕು. ಈ ತಂಡ 1908ರಲ್ಲಿ ವಿಶ್ವ ಸರಣಿ ಗೆದ್ದದ್ದು ಬಿಟ್ಟರೆ ಮುಂದಿನ 108 ವರ್ಷ ಗೆಲ್ಲಲೇ ಇಲ್ಲ. 1945ರಲ್ಲಿ ಹೋಟೆಲಿನವನೊಬ್ಬ ತನ್ನ ಮೇಕೆಯನ್ನು ಪಂದ್ಯಕ್ಕೆ ಕರೆತಂದನಂತೆ, ಮೇಕೆಯನ್ನು ಹೊರಗಟ್ಟಿದ್ದಕ್ಕೆ ಆತ ಶಾಪ ಹಾಕಿದನಂತೆ. ಅಪಶಕುನಗಳಲ್ಲಿ ನಮಗೆ ವಿಶ್ವಾಸವಿಲ್ಲ ಬಿಡಿ. ಆದರೆ ಅಷ್ಟು ಮುಂದುವರಿದ ದೇಶದವರು ಒಂದು ಮೇಕೆಗೆ ಎಪ್ಪತ್ತು ವರ್ಷ ಹೆದರಿದ್ದು ಕೇಳಲು ಸೊಗಸು. ಪ್ರತಿ ವರ್ಷ ಸೋತಾಗಲೂ ಅಭಿಮಾನಿಗಳ ಮಾತು ಒಂದೇ: ಬರುವ ವರ್ಷ ನೋಡಿ. "ಈ ಸಲ ಕಪ್ ನಮ್ದೇ" ಎಂದು ಬೆಂಗಳೂರಿನ ತಂಡಕ್ಕಾಗಿ ಹದಿನೆಂಟು ಋತು ಕಾದವರಿಗೆ ಈ ಭಾಷೆ ಅರ್ಥವಾದೀತು.

2016ರ ನವೆಂಬರ್ ಆರಂಭದಲ್ಲಿ, ಕ್ಲೀವ್‌ಲ್ಯಾಂಡ್ ವಿರುದ್ಧ ಏಳನೇ ಪಂದ್ಯ. ಒಂಬತ್ತು ಸರದಿ ಮುಗಿದಾಗ ಸಮ, ಆಮೇಲೆ 17 ನಿಮಿಷ ಮಳೆ, ಹತ್ತನೇ ಸರದಿಯಲ್ಲಿ 8-7ರಿಂದ ಕಬ್ಸ್ ಗೆದ್ದಿತು. ಆ ದಿನಗಳಲ್ಲಿ ರಿಗ್ಲಿ ಫೀಲ್ಡಿನ ಹೊರಗೋಡೆಯ ಮೇಲೆ ಜನ ಬಣ್ಣದ ಸೀಮೆಸುಣ್ಣದಿಂದ ಹೆಸರುಗಳನ್ನು ಬರೆದರು. ಆಟಗಾರರ ಹೆಸರಲ್ಲ. ಈ ದಿನಕ್ಕಾಗಿ ಕಾದು, ಕಾಣದೆ ತೀರಿಕೊಂಡ ಅಪ್ಪ, ಅಜ್ಜಿ, ಅಣ್ಣಂದಿರ ಹೆಸರು. ಕೈಗೆಟಕುವಷ್ಟು ಎತ್ತರದವರೆಗೆ ಇಟ್ಟಿಗೆ ಕಾಣದಂತೆ ತುಂಬಿತು. ಕೆಲವರು ಏಣಿ ತಂದು ಇನ್ನೂ ಮೇಲೆ ಬರೆದರು. ಒಂದು ಆಟಕ್ಕೆ ಇಷ್ಟೇ ಎಂದು ನೀವು ಹೇಳಬಹುದು, ನಾನೂ ಹೇಳುತ್ತೇನೆ. ಆದರೆ ಅಜ್ಜಿಯ ಪಕ್ಕ ಕುಳಿತು ಸೋಲುವುದನ್ನು ಕಲಿತ ಮೊಮ್ಮಗ ಗೆದ್ದ ದಿನ ಮೊದಲು ಅಜ್ಜಿಯನ್ನು ನೆನೆದದ್ದರಲ್ಲಿ ಆಟಕ್ಕಿಂತ ದೊಡ್ಡದೇನೋ ಇದೆ.

ದಕ್ಷಿಣದವರಿಗೆ ಇದನ್ನು ಹೇಳಿದರೆ ಕೋಪ ಬರುತ್ತದೆ. ವೈಟ್ ಸಾಕ್ಸ್ ಕೂಡ 88 ವರ್ಷ ಕಾದು 2005ರಲ್ಲಿ ಗೆದ್ದಿತ್ತು, ಅದನ್ನು ಯಾರೂ ನೆನೆಯುವುದಿಲ್ಲವೆಂಬುದು ಅವರ ಅಳಲು. ಅದು ನಿಜವೇ. ಮೆತ್ತಗೆ ಮಾತಾಡುವ ಸೊಸೆಯ ಕೆಲಸ ಯಾರ ಕಣ್ಣಿಗೆ ಬೀಳುತ್ತದೆ? 2025ರಲ್ಲಿ ಶಿಕಾಗೋ ಮೂಲದ ಪೋಪ್ ಆಯ್ಕೆಯಾದಾಗ ಅವರು ಕಬ್ಸ್ ಅಭಿಮಾನಿಯೆಂದು ಮೊದಲು ಸುದ್ದಿ ಹಬ್ಬಿತು. ಇಲ್ಲ, ವೈಟ್ ಸಾಕ್ಸ್ ಎಂದು ಅವರ ಅಣ್ಣ ತಿದ್ದಬೇಕಾಯಿತು.

ಪಂದ್ಯ ನೋಡುವ ಮನಸ್ಸಾದರೆ ಎರಡು ಮಾತು. ಉಣ್ಣೆಯ ಬಟ್ಟೆ ಮರೆಯಬೇಡಿ, ಏಪ್ರಿಲ್ ಎಂದರೆ ಅಲ್ಲಿ ಬೇಸಿಗೆಯಲ್ಲ. ಹಾಟ್ ಡಾಗ್ ದನದ ಮಾಂಸದ್ದೆಂದು ಹೇಳಿದರೂ ಝಬೀಹಾ ಅಲ್ಲ. ಸಿಪ್ಪೆಯ ನೆಲಗಡಲೆ ಇದೆ, ಅದೇ ಅಲ್ಲಿಯ ಹಳೆಯ ತಿಂಡಿ. ಬಿಯರ್ ಮಾರುವವರು ಸಾಲು ಸಾಲು ತಿರುಗುತ್ತಿರುತ್ತಾರೆ, ಕುಟುಂಬಗಳು ಹೆಚ್ಚಿರುವ ಮೇಲಿನ ಸಾಲುಗಳು ವಾಸಿ. ಮಧ್ಯಾಹ್ನದ ಪಂದ್ಯಕ್ಕಾದರೆ ಝುಹರ್ ಮುಗಿಸಿ ಹೊರಡಬಹುದು. ನಡುಪೇಟೆಯ ಸ್ಟೇಟ್ ಸ್ಟ್ರೀಟಿನಲ್ಲಿ ಡೌನ್‌ಟೌನ್ ಇಸ್ಲಾಮಿಕ್ ಸೆಂಟರ್ ಇದೆ, ಅದೇ ಬೀದಿಯ ಕೆಳಗೆ ರೆಡ್ ಲೈನ್ ಓಡುತ್ತದೆ. 2022ರಿಂದ 2025ರವರೆಗೆ ನಾಲ್ಕು ವರ್ಷ ಋತುವಿನ ಆರಂಭ ರಮಝಾನಿನಲ್ಲೇ ಬಂದಿತ್ತು. 6.40ಕ್ಕೆ ಶುರುವಾಗುವ ಪಂದ್ಯದಲ್ಲಿ ಎರಡು ಮೂರು ಸರದಿ ಕಳೆಯುವಾಗ ಮಗ್ರಿಬ್. ಚೀಲದ ಖರ್ಜೂರ ಹೊರಬರುವ ಹೊತ್ತು ಅದು.

ಇನ್ನು ಈ ತರ್ಕದ ದನಿಯನ್ನೇ ಬದಲಿಸುತ್ತಿರುವ ಒಂದು ಸಂಗತಿ. ಮಕ್ಕಳನ್ನು ಅಲ್ಲಿ ಓದಲು ಕಳುಹಿಸಿದ ತಾಯಂದಿರು ಇದನ್ನು ತಿಳಿದಿರಬೇಕು. ರೈಲಿನ ಆ ಹಿರಿಯರ ವಾದಕ್ಕೆ ಒಂದು ಪೈಸೆಯ ಖರ್ಚಿರಲಿಲ್ಲ. ಪಕ್ಕದಲ್ಲಿದ್ದ ಯುವಕರ ಗುಂಪು ಮಾತ್ರ ಫೋನಿನಿಂದ ತಲೆ ಎತ್ತಲಿಲ್ಲ. ಅವರಿಗೆ ಯಾರು ಗೆಲ್ಲುತ್ತಾರೆಂಬುದಲ್ಲ, ಮುಂದಿನ ಎಸೆತ ಏನಾಗುತ್ತದೆಂಬುದು ಬೇಕಿತ್ತು. 2018ರಲ್ಲಿ ಅಮೇರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬಾಜಿಯ ಮೇಲಿದ್ದ ಕೇಂದ್ರದ ನಿರ್ಬಂಧವನ್ನು ತೆಗೆದು ಹಾಕಿತು. ಶಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ 2020ರಿಂದ ಬಾಜಿ ಕಾನೂನುಬದ್ಧ. ಬಾಜಿಯ ಜಾಹೀರಾತು ಟಿ.ವಿ.ಯಲ್ಲೂ ಮೈದಾನದಲ್ಲೂ ತುಂಬಿದೆ.

ಈ ನಗರಕ್ಕೆ ಇದು ಹೊಸ ಪಾಠವೂ ಅಲ್ಲ. ಇದೇ ವೈಟ್ ಸಾಕ್ಸ್‌ನ ಎಂಟು ಆಟಗಾರರ ಮೇಲೆ, ಜೂಜುಕೋರರ ಹಣ ಪಡೆದು 1919ರ ವಿಶ್ವ ಸರಣಿಯನ್ನು ಬೇಕೆಂದೇ ಸೋತ ಆರೋಪ ಬಂತು. 1921ರಲ್ಲಿ ನ್ಯಾಯಾಲಯ ಬಿಡುಗಡೆ ಮಾಡಿದರೂ ಬೇಸ್‌ಬಾಲ್ ಅವರನ್ನು ಆಜೀವ ಹೊರಗಿಟ್ಟಿತು. ನೂರು ವರ್ಷದ ಬಳಿಕ ನೋಡಿ: ಜಪಾನಿನ ಪ್ರಸಿದ್ಧ ಆಟಗಾರ ಶೊಹೈ ಒಟಾನಿಯ ದುಭಾಷಿ ಬಾಜಿಯ ಸಾಲ ತೀರಿಸಲು ಒಟಾನಿಯ ಖಾತೆಯಿಂದ ಸುಮಾರು 1.7 ಕೋಟಿ ಡಾಲರ್ ಕದ್ದು 2025ರಲ್ಲಿ ಸೆರೆಮನೆ ಶಿಕ್ಷೆಗೆ ಗುರಿಯಾದ. ಅದೇ ವರ್ಷ ನವೆಂಬರಿನಲ್ಲಿ ಬಾಜಿಯವರಿಗಾಗಿ ಎಸೆತಗಳನ್ನು ಕೆಡಿಸಿದರೆಂದು ಕ್ಲೀವ್‌ಲ್ಯಾಂಡಿನ ಇಬ್ಬರು ಪಿಚರ್‌ಗಳ ಮೇಲೆ ಮೊಕದ್ದಮೆ ಬಿತ್ತು. ಆಮೇಲೆ ಒಂದೊಂದು ಎಸೆತದ ಬಾಜಿಗೆ 200 ಡಾಲರ್ ಮಿತಿ ಹಾಕಿದರು. ಮಿತಿ ಹಾಕಿದರು, ನಿಲ್ಲಿಸಲಿಲ್ಲ. ಕುರ್‌ಆನ್‌ನ ಅಲ್ ಮಾಇದ ಅಧ್ಯಾಯ ಮದ್ಯ ಮತ್ತು ಜೂಜನ್ನು ಜೊತೆಯಾಗಿಯೇ ನಿಷೇಧಿಸಿ, ಅವು ಜನರ ನಡುವೆ ವೈರ ಬಿತ್ತುತ್ತವೆಂಬ ಕಾರಣವನ್ನೂ ಹೇಳುತ್ತದೆ. ಮಗ ಫೋನಿನಲ್ಲಿ "ಉಮ್ಮಾ, ಮ್ಯಾಚ್ ನೋಡ್ತಾ ಇದ್ದೇನೆ" ಎಂದರೆ ಯಾವ ತಂಡ, ಯಾಕೆ ಆ ತಂಡ ಎಂದು ಕೇಳಿ. ತಂಡದ ಕತೆ ಹೇಳಿದರೆ ಚಿಂತೆಯಿಲ್ಲ. ಅಂಕಿ, ದರಗಳನ್ನಷ್ಟೇ ಹೇಳಿದರೆ ಇನ್ನೂ ನಾಲ್ಕು ಪ್ರಶ್ನೆ ಕೇಳಬೇಕು.

ರಿಗ್ಲಿ ಫೀಲ್ಡಿನ ಅಂಕಫಲಕವನ್ನು ಈಗಲೂ ಒಳಗೆ ನಿಂತ ಮನುಷ್ಯರು ಕೈಯಿಂದ ಬದಲಿಸುತ್ತಾರೆ. ಪಂದ್ಯ ಮುಗಿದ ಮೇಲೆ ಅದರ ನೆತ್ತಿಯಲ್ಲಿ ಒಂದು ಬಾವುಟ ಏರುತ್ತದೆ. ಗೆದ್ದರೆ ಬಿಳಿಯ ಮೇಲೆ ನೀಲಿ ಅಕ್ಷರ, ಸೋತರೆ ನೀಲಿಯ ಮೇಲೆ ಬಿಳಿ. ಕೆಲಸದಿಂದ ರೈಲಿನಲ್ಲಿ ಮನೆಗೆ ಮರಳುವವರಿಗೆ ಫಲಿತಾಂಶ ತಿಳಿಯಲೆಂದು ಮಾಡಿದ ಏರ್ಪಾಡು. ಎಲ್ಲರ ಕೈಯಲ್ಲೂ ಫೋನಿದ್ದರೂ ಆಡಿಸನ್ ಬಂದಾಗ ಆ ಕಡೆಯ ಕಿಟಕಿಗೆ ತಲೆಗಳು ತಿರುಗುತ್ತವೆ. ನೀವು ಉತ್ತರಕ್ಕೆ ಹೋಗುವ ರೈಲಿನಲ್ಲಿದ್ದರೆ ಎಡಗಡೆ ಕುಳಿತುಕೊಳ್ಳಿ.