ಜನವಾಡದ ದಾರಿಯಲ್ಲಿ ಶರತ್ಕಾಲದ ಉಣ್ಣೆ

ಮಳೆಗಾಲವು ಕಳೆದು ಶರದೃತುವು ಕಾಲಿಡುತ್ತಲೇ ಬೀದರ ಸೀಮೆಯ ಮುಖವೇ ಬದಲಾಗುವುದು. ಹೆಸರು ಉದ್ದುಗಳು ಅಷ್ಟರಲ್ಲಿ ಮನೆ ಸೇರಿರುವುವು. ತೊಗರಿಯು ಹೂವಿಗೆ ಅಣಿಯಾಗಿರುವುದು. ಕಡಲೆ ಬಿಳಿಜೋಳಗಳ ಬಿತ್ತನೆಗಾಗಿ ಎರೆಯ ಹೊಲಗಳು ಹದಗೊಳ್ಳುತ್ತಿರುವುವು. ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಅಡಿಗೂ ಮೇಲಿರುವ ಪ್ರಸ್ಥಭೂಮಿಯಾದುದರಿಂದ ಇಲ್ಲಿಯ ಚಳಿಯು ಅಲಕ್ಷ್ಯ ಮಾಡತಕ್ಕದ್ದಲ್ಲ. ಕರ್ನಾಟಕದಲ್ಲಿ ಹೆಚ್ಚು ಚಳಿ ಬೀಳುವ ಊರುಗಳನ್ನು ಎಣಿಸುವಾಗ ಬೀದರವನ್ನು ಬಿಡಲು ಬರುವುದಿಲ್ಲ. ಆದುದರಿಂದ ನವರಾತ್ರಿಯ ಘಟವು ಎದ್ದ ಮರುದಿನದಿಂದಲೇ ಗೃಹಿಣಿಯರ ಲಕ್ಷ್ಯವು ಪೆಟ್ಟಿಗೆಯ ತಳದಲ್ಲಿರುವ ಕಂಬಳಿ ಶಾಲುಗಳ ಕಡೆಗೆ ಹರಿಯುವುದು ಸ್ವಾಭಾವಿಕವಾಗಿದೆ.

ಪೇಟೆಯಲ್ಲಿಯೂ ಇದೇ ಕಾಲಕ್ಕೆ ಬಣ್ಣ ಬಣ್ಣದ ನೂಲಿನ ಉಂಡೆಗಳು ಅಂಗಡಿಗಳ ಮುಂಗಟ್ಟಿಗೆ ಬರುವುವು. ಮಧ್ಯಾಹ್ನದ ಕೆಲಸ ತೀರಿದ ಮೇಲೆ ನೆರೆಹೊರೆಯ ಹೆಣ್ಣುಮಕ್ಕಳು ಒಂದು ಪಡಸಾಲೆಯಲ್ಲಿ ಕೂಡಿ, ಬಲ್ಲವರಿಂದ ಅರಿಯದವರು ಹೆಣಿಗೆಯನ್ನು ಕಲಿಯುವರು. ಬರಲಿರುವ ಮೊಮ್ಮಗುವಿಗಾಗಿ ಒಂದು ಕುಂಚಿಗೆಯನ್ನು ಹೆಣೆಯಬೇಕೆಂದು ನಮ್ಮ ಮನೆಯವರು ಈ ಕೂಟಕ್ಕೆ ಸೇರಿದರು. ಅವರು ಕೊಂಡು ತಂದ ಉಂಡೆಯನ್ನು ಕೈಯಲ್ಲಿ ಹಿಡಿದು ನೋಡಿದಾಗ ನಮಗೆ ಒಂದು ಪ್ರಶ್ನೆಯು ಹುಟ್ಟಿತು: ಇದು ಯಾವ ನಾಡಿನ ಕುರಿಯ ಉಣ್ಣೆ? ವಿಚಾರಿಸಲಾಗಿ, ಅದು ಯಾವ ಕುರಿಯದೂ ಅಲ್ಲವೆಂದು ತಿಳಿಯಿತು. ಉಲನ್ ಎಂಬ ಹೆಸರಿನಿಂದ ಮಾರಾಟವಾಗುವ ನೂಲಿನಲ್ಲಿ ಬಹುಭಾಗವು ಅಕ್ರಿಲಿಕ್ ಎಂಬ ಕೃತಕ ವಸ್ತು. ಕಲ್ಲೆಣ್ಣೆಯಿಂದ ದೊರೆಯುವ ರಾಸಾಯನಿಕಗಳಿಂದ ಯಂತ್ರದಲ್ಲಿ ಎಳೆದು ತೆಗೆದ ದಾರ. ಚಳಿಗಾಲದಲ್ಲಿ ನಮ್ಮ ಪಟ್ಟಣಗಳಿಗೆ ಟಿಬೆಟ್ಟಿನ ನಿರಾಶ್ರಿತರು ತಂದು ಮಾರುವ ಸ್ವೆಟರುಗಳೂ ಬಹುತರವಾಗಿ ಲುಧಿಯಾನದ ಕಾರಖಾನೆಗಳವೇ. ಹಾಗಾದರೆ ನಮ್ಮ ಸೀಮೆಯ ಕುರಿಗಳ ಉಣ್ಣೆಯು ಎಲ್ಲಿ ಹೋಗುತ್ತದೆ? ಇದನ್ನು ಕಣ್ಣಾರೆ ಕಂಡು ತಿಳಿಯಬೇಕೆಂದು ಒಂದು ಮುಂಜಾನೆ ಔರಾದಿನ ಬಸ್ಸನ್ನು ಹತ್ತಿ ಜನವಾಡದಲ್ಲಿ ಇಳಿದೆವು.

ಬೀದರದ ಕೋಟೆಯು ನಿಂತಿರುವ ಕೆಮ್ಮಣ್ಣಿನ ದಿಬ್ಬವನ್ನು ಇಳಿದು ಉತ್ತರಕ್ಕೆ ಸಾಗಿದರೆ, ಮಾಂಜ್ರಾ ನದಿಯ ಬಯಲಿನ ಕರಿಯ ಎರೆಭೂಮಿಯು ಎದುರಾಗುವುದು. ಈ ನದಿಯು ಮಹಾರಾಷ್ಟ್ರದ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟಿ, ಬೀದರ ಜಿಲ್ಲೆಯನ್ನು ಹಾಯ್ದು, ಕಡೆಗೆ ಗೋದಾವರಿಯನ್ನು ಸೇರುತ್ತದೆ. ಮಳೆಗಾಲದಲ್ಲಿ ಎರೆಯ ಕೆಸರಿಗೆ ಕುರಿಯ ಗೊರಸು ತಡೆಯದು. ನೆಲವು ಆರುತ್ತಲೇ ಮಂದೆಗಳು ಈ ಬಯಲಿಗೆ ಇಳಿಯುವುವು. ಬಿತ್ತನೆಗೆ ಮುಂಚೆ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಂಡರೆ ಅದಕ್ಕಿಂತ ಉತ್ತಮವಾದ ಗೊಬ್ಬರವು ಬೇರೊಂದಿಲ್ಲವೆಂದು ಒಕ್ಕಲಿಗರು ಬಲ್ಲರು. ಅದಕ್ಕಾಗಿ ಕುರಿಗಾಹಿಗೆ ಕಾಳನ್ನೋ ಹಣವನ್ನೋ ಕೊಡುವರು. ಈ ಕುರಿಗಾಹಿಗಳನ್ನು ಕುರುಬರೆಂದೂ, ಬೀದರ ಸೀಮೆಯಲ್ಲಿ ಗೊಂಡರೆಂದೂ, ಗಡಿಯಾಚೆ ಮರಾಠಿಯಲ್ಲಿ ಧನಗರರೆಂದೂ, ತೆಲುಗಿನಲ್ಲಿ ಕುರುಮರೆಂದೂ ಕರೆಯುವರು. ಅವರ ಆರಾಧ್ಯದೈವವಾದ ಮೈಲಾರ ಮಲ್ಲಣ್ಣನ ಪ್ರಸಿದ್ಧ ಕ್ಷೇತ್ರವು ಇದೇ ಜಿಲ್ಲೆಯ ಭಾಲ್ಕಿ ತಾಲೂಕಿನ ಖಾನಾಪುರದಲ್ಲಿರುವುದು.

ಊರಿನಿಂದ ತುಸು ದೂರದ ಹೊಲವೊಂದರಲ್ಲಿ ನಮಗೆ ಬೇಕಾದ ಮಂದೆಯು ಕಂಡಿತು. ಅಂದು ಉಣ್ಣೆ ಕತ್ತರಿಸುವ ದಿವಸ. ದಖ್ಖನಿ ಜಾತಿಯ ಈ ಕುರಿಗಳಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಬೀಳುವುದು. ಮಳೆ ನಿಂತ ಮೇಲಿನದು ಇವುಗಳಲ್ಲೊಂದು. ಹಿಂದಿನ ದಿನ ಹಳ್ಳದಲ್ಲಿ ಮೈ ತೊಳೆದು ಬಿಸಿಲಿಗೆ ಬಿಟ್ಟಿದ್ದ ಕುರಿಗಳನ್ನು ಒಂದೊಂದಾಗಿ ಹಿಡಿದು, ಕಾಲು ಕಟ್ಟಿ ಕೆಡಹಿ, ಇಬ್ಬರು ನುರಿತವರು ದೊಡ್ಡ ಕತ್ತರಿಯಿಂದ ಉಣ್ಣೆಯನ್ನು ತೆಗೆಯುತ್ತಿದ್ದರು. ಚರ್ಮಕ್ಕೆ ಒಂದು ಗೀರೂ ತಾಗದಂತೆ, ಉಣ್ಣೆಯು ಹಚ್ಚಡದಂತೆ ಒಂದೇ ತುಂಡಾಗಿ ಕಳಚಿ ಬರುವುದನ್ನು ನೋಡಿ ನಾವು ಬೆರಗಾದೆವು. ಹಗುರಾದ ಕುರಿಯು ಎದ್ದು ಮೈ ಕೊಡವಿ ಓಡುವಾಗ ಅದರ ಮರಿಯು ತಾಯಿಯ ಗುರುತು ಸಿಕ್ಕದೆ ಬಾ ಬಾ ಎಂದು ಅರಚುವುದು, ಮಕ್ಕಳು ನಗುವರು. ಒಂದು ಕುರಿಯಿಂದ ಇಡೀ ವರ್ಷಕ್ಕೆ ದೊರೆಯುವುದು ಸುಮಾರು ಅರ್ಧ ಕಿಲೋ ಉಣ್ಣೆ ಮಾತ್ರ. ಒಂದು ಕಂಬಳಿಗೆ ನಾಲ್ಕಾರು ಕುರಿಗಳ ವರ್ಷದ ಗಳಿಕೆಯೇ ಬೇಕು.

ಬೇವಿನ ಮರದ ನೆರಳಿನಲ್ಲಿ ಹೆಂಗಸರ ಗುಂಪು ಇತ್ತು. ಎಪ್ಪತ್ತು ದಾಟಿದ ಮುದುಕಿಯೊಬ್ಬಳು ಕಪ್ಪು, ಬೂದಿ, ಬಿಳಿ ಎಂದು ಉಣ್ಣೆಯನ್ನು ವಿಂಗಡಿಸುತ್ತ ಕುಳಿತಿದ್ದಳು.

“ಬರ್ರಿ ಮಾಸ್ತರ, ಕೂಡ್ರಿ. ಉಣ್ಣಿ ನೋಡಾಕ ಬಂದೀರಿ? ಈಗ ಯಾರ್ ನೋಡ್ತಾರಿ ಇದನ್ನ?” ಎಂದಳು.

“ಕಲಿಯುವುದಕ್ಕೆ ಬಂದಿದ್ದೇವೆ, ಯವ್ವಾ” ಎಂದೆವು. ಅವಳು ನಕ್ಕು, ಒಂದು ಹಿಡಿ ಉಣ್ಣೆಯನ್ನು ನಮ್ಮ ಕೈಯಲ್ಲಿಟ್ಟಳು.

ಆ ಬಣ್ಣದ ವಿಷಯವಾಗಿ ಇಲ್ಲಿ ಒಂದು ಮಾತು. ಬೀದರವೆಂದರೆ ಲೋಕಕ್ಕೆಲ್ಲ ನೆನಪಾಗುವುದು ಬಿದರಿಯ ಕರಕುಶಲ ಕೆಲಸ. ಸತುವು ತಾಮ್ರಗಳ ಎರಕದ ಮೇಲೆ ಬೆಳ್ಳಿಯನ್ನು ಕೂಡಿಸಿ, ಕೋಟೆಯ ಮಣ್ಣು ನವಸಾಗರಗಳಿಂದ ಅದಕ್ಕೆ ಕಡುಗಪ್ಪನ್ನು ತರುವರು. ಕಂಬಳಿಯ ಕಪ್ಪಿಗೆ ಮಣ್ಣೂ ಬೇಡ, ಬಣ್ಣವೂ ಬೇಡ. ಅದು ಕುರಿಯೇ ಕೊಟ್ಟದ್ದು, ತೊಳೆದರೆ ಬಿಡುವುದಲ್ಲ. ಒಂದೇ ನೆಲದ ಈ ಎರಡು ಕಪ್ಪುಗಳಲ್ಲಿ ಒಂದಕ್ಕೆ ಕನ್ನಡಿಯ ಕಪಾಟು ದೊರೆಯಿತು. ಇನ್ನೊಂದು ಹೊಲದ ಬದುವಿನಲ್ಲಿಯೇ ಉಳಿಯಿತು.

ನಮ್ಮ ಪೂರ್ವಿಕರಾದರೋ ಉಣ್ಣೆಯನ್ನು ಹೀಗೆ ಕಡೆಗಣಿಸಿದವರಲ್ಲ. ಸಂಸ್ಕೃತದ ಊರ್ಣಾ ಎಂಬ ಶಬ್ದವೇ ಪ್ರಾಕೃತದಲ್ಲಿ ಉಣ್ಣಾ ಆಗಿ ಕನ್ನಡದಲ್ಲಿ ಉಣ್ಣೆಯಾಗಿದೆ. ಹೊಕ್ಕುಳಿನಿಂದ ಎಳೆ ತೆಗೆಯುವುದೆಂದು ಜೇಡಕ್ಕೆ ಊರ್ಣನಾಭವೆಂದು ಹೆಸರು. ಋಗ್ವೇದದ ನದೀಸ್ತುತಿಯಲ್ಲಿ ಸಿಂಧುನದಿಗೆ ಊರ್ಣಾವತಿ ಎಂಬ ವಿಶೇಷಣವು ಸಂದಿದೆ. ಮನುಸ್ಮೃತಿಯು ವೈಶ್ಯರಿಗೆ ಉಣ್ಣೆಯ ಉಪವೀತವನ್ನು ವಿಧಿಸುತ್ತದೆ. ನಮ್ಮ ಹಿರಿಯರು ಪೂಜೆಗೆ ಕುಳಿತುಕೊಳ್ಳುವಾಗ ಧಾಬಳಿಯನ್ನು ಉಟ್ಟುಕೊಳ್ಳುತ್ತಿದ್ದುದು ನಮ್ಮ ವಾಚಕರಲ್ಲಿ ಅನೇಕರಿಗೆ ನೆನಪಿರಬೇಕು. ಹತ್ತಿಬಟ್ಟೆಗೆ ತಗಲುವ ಮೈಲಿಗೆಯು ಉಣ್ಣೆಗೆ ಇಲ್ಲವೆಂದು ಅವರು ನಂಬಿದ್ದರು. ಕುರುಬರ ಮದುವೆಯಲ್ಲಿ ವಧೂವರರಿಗೆ ಕಂಬಳಿಯೇ ಆಸನ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕುರಿ ಕಾಯುವ ಕಾಯಕದ ವೀರಗೊಲ್ಲಾಳನೂ ಒಬ್ಬನು. ಹೀಗೆ ಗದ್ದುಗೆಯಿಂದ ಹೊಲದವರೆಗೆ ಉಣ್ಣೆಗೆ ಎಲ್ಲೆಲ್ಲಿಯೂ ಮಾನವಿತ್ತು.

ಉಣ್ಣೆಯು ಕಂಬಳಿಯಾಗುವ ಬಗೆಯನ್ನು ಸಂಕ್ಷೇಪವಾಗಿ ಹೇಳುವೆವು. ಮೊದಲು ಕಸಕಡ್ಡಿಗಳನ್ನು ಆರಿಸಿ, ಬಿಲ್ಲಿನ ಹೆದೆಯಿಂದ ಹಿಂಜಿ, ಮೋಡದ ತುಣುಕಿನಂತೆ ಹಗುರವಾದ ಹಂಜಿಗಳನ್ನು ಮಾಡುವರು. ಹೆಂಗಸರು ಅದನ್ನು ರಾಟೆಯಲ್ಲಿ ನೂಲುವರು. ಹಾಸಿನ ಎಳೆಗಳನ್ನು ಬಯಲಿನಲ್ಲಿ ಉದ್ದವಾಗಿ ಹೂಡಿ, ಹುಣಸೆಯ ಬೀಜವನ್ನು ಅರೆದು ಕುದಿಸಿದ ಗಂಜಿಯನ್ನು ಕುಂಚದಿಂದ ಸವರಿ ಬಿಸಿಲಿಗೆ ಆರಿಸುವರು. ಮಳೆಯ ದಿನಗಳಲ್ಲಿ ಈ ಕೆಲಸವು ನಡೆಯದಾದುದರಿಂದಲೇ ಶರತ್ಕಾಲವು ಇದಕ್ಕೆ ಪ್ರಶಸ್ತವಾದುದು. ಬಳಿಕ ನೇಕಾರನು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಸಿ ಕುಳಿತು ಮಗ್ಗದಲ್ಲಿ ನೇಯುವನು. ಗಂಜಿಯ ಬಿರುಸಿನಿಂದಾಗಿ ಹೊಸ ಕಂಬಳಿಯು ತಗಡಿನಂತೆ ಸೆಟೆದಿರುವುದು. ತಲೆಯ ಮೇಲೆ ಕೊಪ್ಪೆ ಮಾಡಿ ಹಾಕಿಕೊಂಡರೆ ಮಳೆಯ ಹನಿಯು ಜಾರಿ ಹೋಗುವುದು. ಉಣ್ಣೆಯು ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಹೀರಿದರೂ ಮೈಗೆ ಒದ್ದೆಯೆನ್ನಿಸದು. ಹೀರುವಾಗ ಸ್ವಲ್ಪ ಶಾಖವನ್ನೂ ಕೊಡುವುದು. ಯಂತ್ರದ ದಾರಕ್ಕೆ ಈ ಗುಣವಿಲ್ಲ.

ಮುದುಕಿಯ ಮಗ್ಗುಲಲ್ಲಿ ಅವಳ ಮೊಮ್ಮಗಳು, ಎಂಟನೆಯ ತರಗತಿಯ ಹುಡುಗಿ, ದಸರೆಯ ರಜೆಗೆಂದು ಬಂದವಳು, ರಾಟೆಯ ಮುಂದೆ ಕುಳಿತಿದ್ದಳು. ಅಜ್ಜಿಯು ಹೇಳಿಕೊಟ್ಟುದು ಬಹು ಸ್ವಲ್ಪ. ಎಳೆ ತುಂಡಾದಾಗಲೆಲ್ಲ ಹುಡುಗಿಯ ಕೈಯ ಮೇಲೆ ತನ್ನ ಕೈಯನ್ನಿಟ್ಟು, ಎಷ್ಟು ಬಿಗಿ, ಎಷ್ಟು ಸಡಿಲು ಎಂಬುದನ್ನು ಬೆರಳಿಗೇ ತಿಳಿಸುತ್ತಿದ್ದಳು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ನಮಗೆ, ಮಾತಿಲ್ಲದ ಈ ಪಾಠವು ಬಲು ದೊಡ್ಡದಾಗಿ ತೋರಿತು.

“ಆಯಿ, ಇದು ದಪ್ಪ ಆತು” ಎಂದು ಹುಡುಗಿ ಮುಖ ಸಣ್ಣದು ಮಾಡಿದಳು.

“ಆಗಲಿ ಬಿಡ. ದಪ್ಪ ಎಳಿ ಕಂಬಳಿಗಿ ಬೇಕs ಬೇಕು” ಎಂದಳು ಅಜ್ಜಿ.

ಅಷ್ಟರಲ್ಲಿ ಮುದುಕಿಯ ಮಗನು ಬೆವರೊರಸಿಕೊಳ್ಳುತ್ತ ಬಂದನು. ಅವನ ಮಾತಿನಲ್ಲಿ ಕಹಿ ಇರಲಿಲ್ಲ, ಲೆಕ್ಕವಿತ್ತು. “ಉಣ್ಣಿ ಒಯ್ಯವರs ಇಲ್ರಿ, ಮಾಸ್ತರ. ಕತ್ತರಸವರ ಕೂಲಿ ನಾವು ಕೈಲಿಂದ ಕೊಡಬೇಕು. ಉಣ್ಣಿ ಮಾರಿದರ ಆ ಕೂಲಿನೂ ಹೊಂಡಂಗಿಲ್ಲ. ಮೈಮ್ಯಾಲ ಉಣ್ಣಿ ಇಲ್ಲದ ಜಾತಿ ಟಗರು ತಂದು ಮಂದಿಯಾಗ ಬಿಡಬೇಕಂತ ಮಾಡೀನಿ. ಮಾಂಸಕ್ಕರ ಛಲೋ ಧಾರಣಿ ಅದ.”

ಮುದುಕಿ ತಲೆ ಎತ್ತದೆಯೇ ಕೇಳಿದಳು: “ಆ ಜಾತಿ ಕುರಿ ಮಾಗಿ ಥಂಡಿಗಿ ಬೈಲಾಗ ನಿಂದರ್ತಾವೇನಪಾ?” ಮಗನು ಸುಮ್ಮನಾದನು.

ಈ ಒಂದು ಮಂದೆಯ ಮಾತಲ್ಲ ಇದು. ದಖ್ಖನಿ ಕುರಿಯು ಹರಡಿರುವ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳಲ್ಲೆಲ್ಲ ಹೀಗೆಯೇ ನಡೆದಿದೆ. ಉಣ್ಣೆಗೆ ಬೆಲೆಯಿಲ್ಲದೆ ಹಲವೆಡೆ ಅದನ್ನು ಹೊಲದಲ್ಲಿಯೇ ಎಸೆದು ಬರುವರು. ಮಾಂಸದ ಆಶೆಗೆ ಬೇರೆ ಜಾತಿಯ ಟಗರುಗಳನ್ನು ಕೂಡಿಸುವರು. ಬಿಸಿಲು, ಬರ, ದೂರದ ನಡಿಗೆ, ಚಳಿ, ಇವೆಲ್ಲವನ್ನೂ ತಾಳುವ ತಳಿಯು ಹೀಗೆ ಕೆಲವು ತಲೆಮಾರುಗಳಲ್ಲಿ ಬೆರೆತು ಕಾಣದಂತಾದರೆ, ಮರಳಿ ತರುವುದು ಸುಲಭವಲ್ಲ. ವಿಶ್ವಸಂಸ್ಥೆಯು 2026ನೆಯ ವರ್ಷವನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಸಾರಿರುವುದು ಸಂತೋಷದ ಸಂಗತಿಯೇ. ಆದರೆ ಮಂದೆಯ ಯಜಮಾನನ ಲೆಕ್ಕವು ಸರಿಹೊಂದುವುದು ಘೋಷಣೆಯಿಂದಲ್ಲ, ಕೊಳ್ಳುವವರಿಂದ. ಅವನನ್ನು ತಪ್ಪುಗಾರನೆನ್ನಲು ನಮಗೆ ಬಾಯಿ ಬರಲಿಲ್ಲ. ಅವನಿಗೂ ಸಂಸಾರವುಂಟು, ಮಗಳ ಓದು ಉಂಟು.

ನಾವು ಒಂದು ಕಂಬಳಿಗೆ ಮುಂಗಡ ಕೊಟ್ಟು, ಅದರೊಂದಿಗೆ ಮರಿಗಳ ಮೊದಲ ಕತ್ತರಿಯ ಮೆತ್ತನೆಯ ಉಣ್ಣೆಯಿಂದ ನೂತ ಸ್ವಲ್ಪ ನೂಲನ್ನೂ ಕೇಳಿದೆವು. ಹೆಣಿಗೆಗೆಂದು ನೂಲು ಕೇಳಿದವರು ತನ್ನ ಜನ್ಮದಲ್ಲಿ ಇವರೇ ಮೊದಲಿಗರೆಂದು ಮುದುಕಿಯು ನಕ್ಕಳು. ಕಾರ್ತಿಕದಲ್ಲಿ ನೂಲು ಕೈ ಸೇರಿತು. ಅಲ್ಲಲ್ಲಿ ದಪ್ಪವಾಗಿದ್ದ ಎಳೆಗಳು ಯಾರವೆಂದು ಕೇಳಬೇಕಾಗಿರಲಿಲ್ಲ. ನಮ್ಮ ಮನೆಯವರು ಅದನ್ನು ಅಂಟುವಾಳದ ನೀರಿನಲ್ಲಿ ತೊಳೆದು, ದಪ್ಪ ಕಡ್ಡಿಗಳಿಂದ ಹೆಣೆದರು. ಮೆರಿನೋ ಕುರಿಯ ಎಳೆಗಿಂತ ದಖ್ಖನಿಯ ಎಳೆಯು ಸುಮಾರು ಇಮ್ಮಡಿ ದಪ್ಪವಾದುದರಿಂದ ಎಳೆಗೂಸಿನ ಮೈಗೆ ಚುಚ್ಚುವುದು. ಆದುದರಿಂದ ಕುಂಚಿಗೆಗೆ ಒಳಗಡೆ ಹಳೆಯ ಧೋತರದ ಅಸ್ತರಿಯನ್ನು ಕೊಟ್ಟರು. ಮಧ್ಯಾಹ್ನದ ಕೂಟದಲ್ಲಿ ಅದನ್ನು ಕಂಡು ಇನ್ನೂ ಮೂವರು ನೂಲನ್ನು ಕೇಳಿದ್ದಾರೆ. ಇದನ್ನು ತಿಳಿಸಲು ಹೋದಾಗ ಮಂದೆಯ ಯಜಮಾನನು, “ಟಗರಿಂದು ಮುಂದಿನ ಕತ್ತರಿ ತನಕ ನೋಡಮು” ಎಂದಿಷ್ಟೇ ಹೇಳಿದನು.

ಗೃಹಿಣಿಯರಿಗೆ ಕೆಲವು ಸೂಚನೆಗಳು. ಕೊಳ್ಳುವ ನೂಲು ನಿಜವಾದ ಉಣ್ಣೆಯೋ ಅಲ್ಲವೋ ಎಂದು ತಿಳಿಯಲು ಒಂದು ಎಳೆಯನ್ನು ದೀಪಕ್ಕೆ ಹಿಡಿಯಿರಿ: ಉಣ್ಣೆಯು ಸುಟ್ಟ ಕೂದಲಿನ ವಾಸನೆ ಬೀರಿ ಪುಡಿಯಾಗುವ ಬೂದಿಯನ್ನು ಬಿಡುವುದು, ಕೃತಕ ದಾರವು ಕರಗಿ ಗಟ್ಟಿಯಾದ ಗುಂಡಾಗುವುದು. ಕಂಬಳಿಯನ್ನು ಬಿಸಿನೀರಿನಲ್ಲಿ ಹಾಕಿ ತಿಕ್ಕಬಾರದು. ತಿಕ್ಕಿದರೆ ಕುಗ್ಗಿ ಗಂಟಾಗುವುದು. ತಣ್ಣೀರಿನಲ್ಲಿ ಅಂಟುವಾಳದಿಂದ ಮೆಲ್ಲಗೆ ಅದುಮಿ ತೊಳೆದು ನೆರಳಿನಲ್ಲಿ ಆರಿಸಬೇಕು. ಮಡಿಚಿ ಇಡುವಾಗ ಒಣಗಿದ ಬೇವಿನ ಎಲೆಗಳನ್ನು ನಡುವೆ ಹರಡಿ, ಆಗಾಗ್ಗೆ ಬಿಸಿಲಿಗೆ ಹಾಕಿ ಕೊಡವಿದರೆ ನುಸಿಯ ಭಯವು ಕಡಿಮೆಯಾಗುವುದು. ಹೀಗೆ ಕಾಪಾಡಿದ ಕಂಬಳಿಯು ಬಹು ವರ್ಷ ಬಾಳುವುದು.

ಕಂಬಳಿಯಲ್ಲಿ ಉಂಡು ಕೂದಲು ಬಂತೆಂದರಂತೆ ಎಂದು ನಾವು ಗಾದೆಯಲ್ಲಿ ಮಾತ್ರ ಕಂಬಳಿಯನ್ನು ನೆನೆಯುವಂತಾಗಬಾರದು. ಈ ಶರತ್ಕಾಲದಲ್ಲಿ ಪ್ರತಿಯೊಂದು ಮನೆಗೂ ಒಂದು ದಖ್ಖನಿ ಕಂಬಳಿಯು ಬರಲಿ. ಜನವಾಡದ ಬಯಲಿನಲ್ಲಿ ಆ ಹುಡುಗಿಯು ನೂಲುವ ಎಳೆಯು ತೆಳ್ಳಗಾಗುವಷ್ಟು ಕೆಲಸವು ಅವಳ ರಾಟೆಗೆ ಸದಾ ದೊರೆಯಲಿ.